ಪರೀಕ್ಷೆಗೆ ಸಿಗದ ಥಿಯರಿಗಳು: ತಕರಾರು ಇರೋದು ಎಲ್ಲಿ?

ಸ್ಟ್ರಿಂಗ್ ಥಿಯರಿ (ಕಣಗಳೆಲ್ಲ ಅತಿ ಸಣ್ಣ ಎಳೆಗಳ ಕಂಪನ ಅನ್ನೋದು), ಮಲ್ಟಿವರ್ಸ್ (ನಮ್ಮದಲ್ದೆ ಬೇರೆ ಬ್ರಹ್ಮಾಂಡಗಳೂ ಇವೆ ಅನ್ನೋದು) ಬಗ್ಗೆ ಓದೋಕೆ ಕೂತ್ರೆ ತತ್ವಜ್ಞಾನಿ ಕಾರ್ಲ್ ಪಾಪರ್ ಹೆಸ್ರು ಬಂದೇ ಬರುತ್ತೆ. ತಪ್ಪು ಅಂತ ತೋರಿಸೋಕೆ ದಾರಿನೇ ಇಲ್ದಿರೋ ಹೇಳಿಕೆ ವಿಜ್ಞಾನ ಅಲ್ಲ, 1934ರ ಪುಸ್ತಕದಲ್ಲಿ ಅವ್ರ ವಾದ ಹೆಚ್ಚುಕಮ್ಮಿ ಇಷ್ಟೇ. ಎಕ್ಸಾಮ್‌ಗೆ ಇದು ಸಾಕು, ಅರ್ಥ ಮಾಡ್ಕೊಳ್ಳೋಕೆ ಸಾಲಲ್ಲ.

ಈಗ ಟೆಸ್ಟ್ ಮಾಡೋಕಾಗ್ತಿಲ್ಲ ಅನ್ನೋದು ಬೇರೆ, ಯಾವತ್ತೂ ಆಗಲ್ಲ ಅನ್ನೋದು ಬೇರೆ, ಇವೆರಡನ್ನ ಕಲಸಿಬಿಟ್ರೆ ಎಲ್ಲಾ ಗೋಜಲು. ಭೌತವಿಜ್ಞಾನಿ ಪೌಲಿ 1930ರಲ್ಲಿ ನ್ಯೂಟ್ರಿನೋ ಅನ್ನೋ ಕಣ ಇರ್ಬೇಕು ಅಂದ್ರು, ಅದು ಸಿಕ್ಕಿದ್ದು 1956ಕ್ಕೆ. ಹಿಗ್ಸ್ ಕಣ 1964ರ ಐಡಿಯಾ, ಕೈಗೆ ಬಂದಿದ್ದು 2012ಕ್ಕೆ. ಹಾಗಾಗಿ ತಡ ಆಯ್ತು ಅಂತ ಥಿಯರಿನ ಎಸೆಯೋಕಾಗಲ್ಲ.

ಆದ್ರೆ ಸ್ಟ್ರಿಂಗ್ ಥಿಯರಿ ಕಥೆ ಬರೀ ತಡದ್ದಲ್ಲ. ಅದರ ಪರಿಣಾಮ ಎದ್ದು ಕಾಣೋ ಮಟ್ಟ, ಅಂದ್ರೆ ಪ್ಲಾಂಕ್ ಎನರ್ಜಿ, ಕಣಗಳನ್ನ ಡಿಕ್ಕಿ ಹೊಡೆಸೋ ದೊಡ್ಡ ಮೆಷಿನ್ ಎಲ್‌ಎಚ್‌ಸಿ ಮುಟ್ಟೋದಕ್ಕಿಂತ ಸುಮಾರು 10¹⁵ ಪಟ್ಟು ಜಾಸ್ತಿ, ಸರಿ, ಅದು ಮೆಷಿನ್ ಕಷ್ಟ ಅನ್ನೋಣ, ಅದಕ್ಕಿಂತ ದೊಡ್ಡ ತಲೆನೋವು ಏನಂದ್ರೆ ಅದ್ರಲ್ಲಿ 10⁵⁰⁰ರಷ್ಟು ಪರಿಹಾರಗಳು (ಸಮೀಕರಣಕ್ಕೆ ಸಿಗೋ ಉತ್ತರಗಳು) ಇರ್ಬೋದು ಅನ್ನೋ ಅಂದಾಜು, ಒಂದೊಂದ್ರಲ್ಲೂ ಭೌತನಿಯಮ ಬೇರೆ ಬೇರೆ, ಹಂಗಾದ್ರೆ ಪ್ರಯೋಗದಲ್ಲಿ ಏನೇ ಬಂದ್ರೂ ಯಾವುದೋ ಒಂದಕ್ಕೆ ಹೊಂದಿಸಿಬಿಡ್ಬೋದಲ್ಲ! ಸೋಲೋಕೆ ಜಾಗನೇ ಇಲ್ಲ. ನನ್ನ ಪ್ರಕಾರ ಅಸಲಿ ತಕರಾರು ಇದೇ.

2014ರ ಡಿಸೆಂಬರ್‌ನಲ್ಲಿ ವಿಜ್ಞಾನಿಗಳಾದ ಜಾರ್ಜ್ ಎಲ್ಲಿಸ್, ಜೋ ಸಿಲ್ಕ್ ಇಬ್ರೂ ನೇಚರ್ ಪತ್ರಿಕೆಯಲ್ಲಿ ಇದನ್ನೇ ಕಟುವಾಗಿ ಬರೆದ್ರು. ಆ ಕಡೆ ತತ್ವಜ್ಞಾನಿ ರಿಚರ್ಡ್ ದಾವಿಡ್, ಬೇರೆ ಥಿಯರಿ ಎಷ್ಟು ಹುಡುಕಿದ್ರೂ ಸಿಗ್ತಿಲ್ಲ ಅನ್ನೋದೂ ಒಂಥರ ಪುರಾವೆ ಅಂತಾರೆ. ನಂಗಂತೂ ಇದು ಒಪ್ಪಿಗೆ ಆಗಲ್ಲ, ಹುಡುಕೋರೆಲ್ಲ ಒಂದೇ ಕಡೆ ಹುಡುಕ್ತಿದ್ರೆ?

ಮಲ್ಟಿವರ್ಸ್ ಪರ ಇರೋ ಗಟ್ಟಿ ವಾದ ಭೌತವಿಜ್ಞಾನಿ ವೈನ್‌ಬರ್ಗ್ ಅವರ 1987ರ ಲೆಕ್ಕ. ಕಾಸ್ಮಾಲಾಜಿಕಲ್ ಕಾನ್‌ಸ್ಟಂಟ್ (ಬ್ರಹ್ಮಾಂಡವನ್ನ ಹಿಗ್ಗಿಸೋ, ಖಾಲಿ ಜಾಗದ ಎನರ್ಜಿಯ ಅಳತೆ) ಒಂದು ಮಿತಿ ದಾಟಿದ್ರೆ ಗ್ಯಾಲಕ್ಸಿಗಳೇ ಹುಟ್ಟಲ್ಲ ಅಂತ ತೋರಿಸಿದ್ರು, 1998ರಲ್ಲಿ ಸೂಪರ್‌ನೋವಾ ನೋಡಿ ತಿಳಿದ ಬೆಲೆ ಆ ಮಿತಿಯೊಳಗೇ ಇತ್ತು, ಸೊನ್ನೆನೂ ಅಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ: ಆ ಮಿತಿ ಲೆಕ್ಕಕ್ಕೆ ಮಲ್ಟಿವರ್ಸ್ ಬೇಕಾಗೇ ಇಲ್ಲ, ಗ್ಯಾಲಕ್ಸಿ ಇದೆ ಅನ್ನೋ ಒಂದು ವಿಷಯ ಸಾಕು. ಬೆಲೆ ಮಿತಿಗಿಂತ ತೀರಾ ಕೆಳಗೆ ಇರಲ್ಲ ಅನ್ನೋ ನಿರೀಕ್ಷೆಗೆ ಮಾತ್ರ ಮಲ್ಟಿವರ್ಸ್, ಅಂದ್ರೆ ಒಂದೊಂದು ಬ್ರಹ್ಮಾಂಡದಲ್ಲಿ ಒಂದೊಂದು ಬೆಲೆ, ಬೇಕಾಗೋದು.