ಡಿಪಿಐ ಬದಲಿಸಿದರೆ ಚಿತ್ರ ಬದಲಾಗುವುದಿಲ್ಲ

ಪುಟವಿನ್ಯಾಸದ ಕೆಲಸದಲ್ಲಿರುವ ನನಗೆ ಲೇಖಕರ ಪತ್ರಗಳಲ್ಲಿ ಅತ್ಯಂತ ಪರಿಚಿತವಾದ ವಾಕ್ಯವೆಂದರೆ, "ಚಿತ್ರಗಳನ್ನೆಲ್ಲ 300 ಡಿಪಿಐಗೆ ಬದಲಾಯಿಸಿ ಕಳುಹಿಸಿದ್ದೇನೆ" ಎಂಬುದು. ಡಿಪಿಐ ಎಂದರೆ ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ. ಬದಲಾಯಿಸಿದ್ದು ಏನನ್ನು ಎಂದು ಕೇಳಿದರೆ ಅವರಿಗೆ ಬೇಸರ. ಕೇಳದೆ ಅಚ್ಚಿಗೆ ಕೊಟ್ಟರೆ ಆಮೇಲೆ ಇಬ್ಬರಿಗೂ ಬೇಸರ.

ಕಡತದಲ್ಲಿ ನಮೂದಾಗಿರುವ ಡಿಪಿಐ ಚಿತ್ರದ ಗುಣವನ್ನು ಹೇಳುವುದಿಲ್ಲ. ಚಿತ್ರದಲ್ಲಿರುವ ಬಣ್ಣದ ಪುಟ್ಟ ಚುಕ್ಕೆಗಳಾದ ಪಿಕ್ಸೆಲ್‌ಗಳನ್ನು ಕಾಗದದ ಮೇಲೆ ಎಷ್ಟು ಒತ್ತಾಗಿ ಹರಡಬೇಕೆಂಬ ಸೂಚನೆ ಅದು, ಅಷ್ಟೇ. 1200 ಪಿಕ್ಸೆಲ್ ಅಗಲದ ಚಿತ್ರವನ್ನು 4 ಇಂಚು ಅಗಲಕ್ಕೆ ಮುದ್ರಿಸಿದರೆ ಇಂಚಿಗೆ 300 ಪಿಕ್ಸೆಲ್ ಸಿಗುತ್ತವೆ, 8 ಇಂಚಿಗೆ ಹಿಗ್ಗಿಸಿದರೆ 150 ಮಾತ್ರ. ಕಡತದೊಳಗಿನ ಸಂಖ್ಯೆ 72 ಆಗಿರಲಿ, 300 ಆಗಿರಲಿ, ಈ ಭಾಗಾಕಾರದ ಉತ್ತರ ಒಂದೇ. ತಂತ್ರಾಂಶಕ್ಕೆ ಹೇಳಿ ಪಿಕ್ಸೆಲ್‌ಗಳನ್ನೇ ಹೆಚ್ಚಿಸಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಹೆಚ್ಚಿಸಬಹುದು, ಆದರೆ ಹೊಸ ಪಿಕ್ಸೆಲ್‌ಗಳು ಅಕ್ಕಪಕ್ಕದವನ್ನು ನೋಡಿ ಊಹಿಸಿದವು. ಕ್ಯಾಮೆರಾ ಕಾಣದ ರೆಪ್ಪೆಗೂದಲನ್ನು ಅವು ನಿಜವಾಗಿ ತಂದುಕೊಡಲಾರವು.

ಒಬ್ಬ ಹಿರಿಯರು ತಮ್ಮ ತಾಯಿಯ ಸ್ಮರಣೆಯ ಪುಸ್ತಕಕ್ಕೆ ಮೊಬೈಲ್‌ನಿಂದ ಮೊಬೈಲ್‌ಗೆ ಹಾಯ್ದು ಬಂದ, 600 ಪಿಕ್ಸೆಲ್ ಅಗಲದ ಭಾವಚಿತ್ರವೊಂದನ್ನು ಕೊಟ್ಟು, ಅದು ಎ4 ಪುಟವನ್ನು ಪೂರ್ತಿ ತುಂಬಬೇಕೆಂದಿದ್ದರು. ಇಂಚಿಗೆ 300ರಂತೆ ಆ ಅಳತೆಗೆ 2480 ಪಿಕ್ಸೆಲ್ ಅಗಲ ಬೇಕಿತ್ತು. ಮಾತಿನ ನಡುವೆ, ಮೂಲ ಫೋಟೊ ಮನೆಯ ಆಲ್ಬಮ್‌ನಲ್ಲೇ ಇದೆಯೆಂದು ಅವರು ಸಹಜವಾಗಿ ಹೇಳಿದಾಗ ನನಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದವು. 4 ಇಂಚು ಅಗಲದ ಆ ಫೋಟೊವನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಬೇಕಿದ್ದುದಕ್ಕೆ ತೀರ ಹತ್ತಿರದ 2400 ಪಿಕ್ಸೆಲ್ ದೊರೆತು, ಸೀರೆಯ ಅಂಚಿನ ನೇಯ್ಗೆಯೂ ಕಾಣಿಸಿತು. ಎಲ್ಲ ಹಳೆಯ ಫೋಟೊಗಳೂ ಹೀಗೆ ಒದಗುತ್ತವೆಂದು ಹೇಳಲಾರೆ. ಮೂಲವೇ ಮಸುಕಾಗಿದ್ದರೆ ಸ್ಕ್ಯಾನರ್ ಮಸುಕನ್ನೇ ಎತ್ತಿಕೊಡುತ್ತದೆ.

300 ಎಂಬುದು ಕೈಯಲ್ಲಿ ಹಿಡಿದು ಓದುವ ಪುಸ್ತಕದ ಛಾಯಾಚಿತ್ರಗಳಿಗೆ ಸಲ್ಲುವ ಅಳತೆ. ದೂರದಿಂದ ನೋಡುವ ಭಿತ್ತಿಪತ್ರಕ್ಕೆ 150 ಸಾಲಬಹುದು, ಕಪ್ಪು-ಬಿಳುಪಿನ ರೇಖಾಚಿತ್ರಕ್ಕೆ 600ಕ್ಕಿಂತ ಕಡಿಮೆ ಇದ್ದರೆ ಗೆರೆಗಳ ಅಂಚು ಮೆಟ್ಟಿಲಾಗಬಹುದು. ಮುದ್ರಕರನ್ನು ಒಮ್ಮೆ ವಿಚಾರಿಸುವುದು ಒಳ್ಳೆಯದು.

ವರ್ಡ್‌ನಲ್ಲಿ ಪುಟ ಕಟ್ಟುವವರು ಇನ್ನೊಂದನ್ನು ಗಮನಿಸಬೇಕು. ಕಡತವನ್ನು ಉಳಿಸುವಾಗ ಅದು ದೊಡ್ಡ ಚಿತ್ರಗಳನ್ನು ತಾನಾಗಿಯೇ ಕುಗ್ಗಿಸಬಲ್ಲದು. ಕುಗ್ಗಿಸದಂತೆ ತಡೆಯುವ ಆಯ್ಕೆ ಸುಧಾರಿತ ಸೆಟ್ಟಿಂಗ್‌ಗಳಲ್ಲಿದ್ದು, ಅದನ್ನು ಚಿತ್ರ ಸೇರಿಸುವ ಮೊದಲೇ ಗುರುತು ಮಾಡಿಕೊಳ್ಳಬೇಕು. ಒಮ್ಮೆ ಕುಗ್ಗಿಸಿ ಉಳಿಸಿದ ಕಡತದಿಂದ ಕಳೆದ ಪಿಕ್ಸೆಲ್‌ಗಳನ್ನು ನಾನು ಹೊರತೆಗೆಯಲಾರೆ. ಆದ್ದರಿಂದ ವರ್ಡ್ ಕಡತದ ಜೊತೆಗೆ ಮೂಲ ಚಿತ್ರಗಳನ್ನೂ, ಯಾವ ತಿದ್ದುಪಡಿಯನ್ನೂ ಮಾಡದೆ, ಪ್ರತ್ಯೇಕ ಫೋಲ್ಡರ್‌ನಲ್ಲಿ ಕಳುಹಿಸುವಂತೆ ಕೇಳುತ್ತೇನೆ.