ಬೆರಳು ಎಲ್ಲಿರಬೇಕು? ಪಿಸ್ತೂಲಿನ ವಿಚಿತ್ರ ಹಿಡಿತಗಳ ಹಿನ್ನೆಲೆ

ಹುಬ್ಬಳ್ಳಿ-ಧಾರವಾಡದ ಹುಡುಗರು ಶೂಟಿಂಗ್ ಕಲಿಯಲು ಹೋದರೆ ಸಾಮಾನ್ಯವಾಗಿ ಮೊದಲು ಕೈಗೆ ಬರುವುದು 10 ಮೀಟರ್ ಏರ್ ಪಿಸ್ತೂಲು. ಅದಕ್ಕೆ ಗುಂಡು ಹಾರಿದಾಗ ಹಿಂದೆ ಸರಿಯುವ ಸ್ಲೈಡ್ (ಪಿಸ್ತೂಲಿನ ಮೇಲಿನ ಲೋಹದ ಭಾಗ) ಇಲ್ಲ, ಹೇಳಿಕೊಳ್ಳುವಂಥ ಒದೆತವೂ ಇಲ್ಲ. ಹೆಬ್ಬೆರಳು ತುಸು ಆಚೀಚೆ ಇದ್ದರೂ ನಡೆದುಹೋಗುತ್ತದೆ. ಅದೇ ಹುಡುಗ ನಾಳೆ ಪೊಲೀಸ್ ಇಲಾಖೆ ಸೇರಿ 9 ಎಂ.ಎಂ. ಪಿಸ್ತೂಲು ಹಿಡಿದಾಗ ಹಳೆಯ ರೂಢಿಗಳೆಲ್ಲ ಒಟ್ಟಿಗೇ ಬಯಲಾಗುತ್ತವೆ.

ಇವುಗಳಲ್ಲಿ ತೀರಾ ವಿಚಿತ್ರವಾದದ್ದು, ತೋರುಬೆರಳನ್ನು ಪಿಸ್ತೂಲಿನ ಪಕ್ಕೆಗೆ ಚಾಚಿ ನಡುಬೆರಳಿನಿಂದ ಟ್ರಿಗರ್ ಎಳೆಯುವುದು. ಬೆರಳು ತೋರಿಸಿದತ್ತ ಗುಂಡು ಹೋಗುತ್ತದೆ ಎಂಬುದು ಇದರ ತರ್ಕ. ಆದರೆ ಎಂ1911 ಪಿಸ್ತೂಲಿನ ಬಗ್ಗೆ ಅಮೆರಿಕದ ಸೇನೆ ಹೊರತಂದ ಆರಂಭದ ಕೈಪಿಡಿಯೇ ಇದು ಬೇಡ ಎಂದಿತ್ತು. ಕೊನೆಯ ಗುಂಡಿನ ನಂತರ ಸ್ಲೈಡನ್ನು ಹಿಂದೆಯೇ ನಿಲ್ಲಿಸುವ ಸನ್ನೆಗೆ ಸ್ಲೈಡ್ ಸ್ಟಾಪ್ ಎನ್ನುತ್ತಾರೆ; ಅದರ ಪಿನ್ನಿನ ತುದಿ ಬಲಪಕ್ಕೆಯಲ್ಲಿ ಹೊರಗೆ ಕಾಣುತ್ತದೆ. ಚಾಚಿದ ಬೆರಳು ಕೂರುವುದು ಸರಿಯಾಗಿ ಅದರ ಮೇಲೇ. ಗುಂಡು ಹಾರಿ ಸ್ಲೈಡ್ ಹಿಂದೆ ಸರಿಯುವಾಗ ಬೆರಳಿನ ಒತ್ತಡಕ್ಕೆ ಪಿನ್ನು ಎಡಕ್ಕೆ ಜರುಗಿ ಪಿಸ್ತೂಲು ಜಾಮ್ ಆಗುತ್ತದೆ. ನಮ್ಮ ಪೊಲೀಸರು ದಶಕಗಳಿಂದ ಬಳಸಿದ, ಪಶ್ಚಿಮ ಬಂಗಾಳದ ಈಶಾಪುರದಲ್ಲಿ ತಯಾರಾಗುವ 9 ಎಂ.ಎಂ. 1ಎ ಪಿಸ್ತೂಲು ಬ್ರೌನಿಂಗ್ ಹೈ-ಪವರ್ ಮಾದರಿಯದು. ಅದರಲ್ಲೂ ಪಿನ್ನಿನ ಜಾಗ ಅದೇ.

ಇನ್ನು ಕೆಲವು ಹಿಡಿತಗಳು ರಿವಾಲ್ವರ್ ಕಾಲದ ಬಳುವಳಿ. ರಿವಾಲ್ವರಿನಲ್ಲಿ ಸಿಲಿಂಡರಿನ ಮುಂದಿನ ಸಂದಿಯಿಂದ ಬಿಸಿ ಅನಿಲ ಚಿಮ್ಮುವುದರಿಂದ ಬೆರಳು ಹಿಂದಿದ್ದಷ್ಟೂ ಕ್ಷೇಮ. ಎಡ ಹೆಬ್ಬೆರಳನ್ನು ಬಲಗೈಯ ಹಿಂದೆ ಅಡ್ಡ ಹಾಕುವವರಿದ್ದರು. ಪ್ರತಿ ಗುಂಡಿನ ನಂತರ ತಾನೇ ಮುಂದಿನದನ್ನು ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನಲ್ಲಿ ಸ್ಲೈಡ್ ಸುಮಾರು 5 ಸೆಂ.ಮೀ. ಹಿಂದೆ ಬರುವ ದಾರಿಯೇ ಅದು. ಹೆಬ್ಬೆರಳಿನ ಬುಡ ಸೀಳುತ್ತದೆ, ಎರಡನೇ ಗುಂಡಿಗೆ ಕೈ ನಡುಗುತ್ತದೆ.

1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಸ್ಪರ್ಧೆಗಳಲ್ಲಿ ಜಾಕ್ ವೀವರ್ ಎರಡೂ ಕೈಯಿಂದ ಹಿಡಿದು ಗೆದ್ದ ಮೇಲೆ ಒಂಟಿ ಕೈಯ ರೂಢಿ ಸಡಿಲವಾಯಿತು. ಎಡ ಅಂಗೈಯನ್ನು ಮ್ಯಾಗಜಿನ್ ಅಡಿಗೆ ಕೊಡುವ ಕಪ್-ಬಸಿ (ಕಪ್-ಸಾಸರ್) ಹಿಡಿತವೂ ಬಳಕೆಯಲ್ಲಿತ್ತು; ಸಿನಿಮಾದಲ್ಲಿ ಚೆಂದ, ಒದೆತ ತಡೆಯಲು ದಂಡ. 1980ರ ದಶಕದಲ್ಲಿ ಬೆರೆಟ್ಟಾ 92ಎಫ್‌ನಂಥ ಪಿಸ್ತೂಲುಗಳ ಟ್ರಿಗರ್ ಗಾರ್ಡಿನ (ಟ್ರಿಗರ್ ಸುತ್ತಲಿನ ಬಳೆ) ಮುಂಭಾಗವನ್ನು ಎಡ ತೋರುಬೆರಳಿಗೆಂದೇ ಬಾಗಿಸಿದರು. ಆ ಬೆರಳು ಮುಂದೆ ಹೋದರೆ ಎಡಗೈಯ ಪಟ್ಟು ಸಡಿಲವಾಗುತ್ತದೆ, ಮೂತಿಯೂ ಪಕ್ಕಕ್ಕೆ ಎಳೆಯುತ್ತದೆ. ಹೀಗಾಗಿ ಬಹುತೇಕ ಸ್ಪರ್ಧಿಗಳು ಅದನ್ನು ಕೈಬಿಟ್ಟರು.

ಅದೇ ದಶಕದ ಆರಂಭದಲ್ಲಿ ಅಮೆರಿಕದ ಸ್ಪರ್ಧಾ ಶೂಟರ್‌ಗಳಾದ ರಾಬ್ ಲೇಥಮ್ ಮತ್ತು ಬ್ರಯಾನ್ ಎನೊಸ್ ಜನಪ್ರಿಯಗೊಳಿಸಿದ ಹಿಡಿತ ಇಂದಿಗೂ ಚಾಲ್ತಿಯಲ್ಲಿದೆ. ಬಲಗೈ ಹಿಡಿಕೆಯ ತುದಿಯವರೆಗೂ ಏರಬೇಕು. ಎಡ ಅಂಗೈಯ ಬುಡ, ಹಿಡಿಕೆಯ ಎಡಪಕ್ಕೆಯಲ್ಲಿ ಉಳಿದ ಖಾಲಿ ಜಾಗ ತುಂಬಬೇಕು. ಎರಡೂ ಹೆಬ್ಬೆರಳು ಮುಂದಕ್ಕೆ. ಇಲ್ಲೂ ಒಂದು ತೊಡಕಿದೆ. ಹೆಬ್ಬೆರಳು ಸ್ಲೈಡ್ ಸ್ಟಾಪಿನ ಮೇಲೆ ಒರಗಿದರೆ ಕೊನೆಯ ಗುಂಡಿನ ನಂತರ ಸ್ಲೈಡ್ ಹಿಂದೆ ನಿಲ್ಲುವುದಿಲ್ಲ. ಕೆಳಗಿನಿಂದ ಎತ್ತಿದರೆ ಗುಂಡು ಇರುವಾಗಲೇ ನಿಂತುಬಿಡುತ್ತದೆ. ಪಿಸ್ತೂಲು ಕೆಟ್ಟಿದೆ ಎಂದು ಆಯುಧ ದುರಸ್ತಿ ಮಾಡುವ ಆರ್ಮರರ್ ಬಳಿಗೆ ಒಯ್ಯುವ ಮುನ್ನ ಹೆಬ್ಬೆರಳನ್ನೇ ನೋಡಿಕೊಳ್ಳುವುದು ಒಳ್ಳೆಯದು.

ಒಲಿಂಪಿಕ್ ಪಿಸ್ತೂಲು ಸ್ಪರ್ಧೆಗಳಲ್ಲಿ ಮಾತ್ರ ಈಗಲೂ ಒಂದೇ ಕೈ, ಮಣಿಕಟ್ಟಿಗೆ ಯಾವ ಆಸರೆಯೂ ಇರಕೂಡದು. ಟ್ರಿಗರ್ ಭಾರ 10 ಮೀಟರ್ ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ, 25 ಮೀಟರ್ ಪಿಸ್ತೂಲಿಗೆ 1,000 ಗ್ರಾಂ. ಇಷ್ಟು ಹಗುರಕ್ಕೆ ಬೆರಳ ತುದಿಯ ಮೆತ್ತನೆ ಭಾಗ ಸಾಕು. ಭಾರದ ಸರ್ವಿಸ್ ಟ್ರಿಗರ್‌ಗೆ ಹಲವರು ಮೊದಲ ಗೆಣ್ಣಿನ ಹತ್ತಿರದವರೆಗೂ ಬೆರಳು ಹಾಕುತ್ತಾರೆ. ಪರೀಕ್ಷೆ ಸುಲಭ: ರೇಂಜ್ ಅಧಿಕಾರಿಯ ಎದುರು ಮ್ಯಾಗಜಿನ್ ತೆಗೆದು, ಚೇಂಬರ್ (ನಳಿಕೆಯ ಹಿಂದೆ ಗುಂಡು ಕೂರುವ ಜಾಗ) ಖಾಲಿ ಇರುವುದನ್ನು ಖಚಿತಪಡಿಸಿಕೊಂಡು, ಮುಂದಿನ ಸೈಟಿನ ಬಳಿ ಸ್ಲೈಡ್ ಮೇಲೆ ಒಂದು ಖೋಕಾ (ಹಾರಿಸಿದ ಗುಂಡಿನ ಖಾಲಿ ಕವಚ) ನಿಲ್ಲಿಸಿ ಟ್ರಿಗರ್ ಎಳೆಯಬೇಕು. ಖೋಕಾ ಉರುಳಿದರೆ, ಬೆರಳಿನ ಜೊತೆ ಇಡೀ ಮುಷ್ಟಿಯೂ ಬಿಗಿಯುತ್ತಿದೆ ಎಂದರ್ಥ.