ಹೋಸ್ಟಾ ನೆರಳಿನ ಗಿಡವಲ್ಲವೇ, ಸಸಿಗೆ ಅಷ್ಟೊಂದು ಬೆಳಕೇಕೆ?

ಪ್ರಶ್ನೆ: ಎಲೆಗಳ ಅಂದಕ್ಕಾಗಿ ಬೆಳೆಸುವ ಹೋಸ್ಟಾ ಗಿಡದ ಬೀಜ ಚೆನ್ನಾಗಿಯೇ ಮೊಳೆಯಿತು. ನೆರಳಿನ ಗಿಡ ತಾನೇ ಎಂದು ಟ್ರೇಯನ್ನು ಕೋಣೆಯ ದೀಪದ ಬೆಳಕಿನಲ್ಲೇ ಇಟ್ಟೆ. ಈಗ ಸಸಿಗಳು ಸಣಕಲಾಗಿ ಉದ್ದಕ್ಕೆ ಬೆಳೆದು ವಾಲುತ್ತಿವೆ. ಇವಕ್ಕೂ ಗ್ರೋ ಲೈಟ್ (ಗಿಡ ಬೆಳೆಯಲೆಂದೇ ಹಚ್ಚುವ ದೀಪ) ಬೇಕೇ? ದಿನಕ್ಕೆ ಎಷ್ಟು ಹೊತ್ತು?

ಉತ್ತರ: ಬೇಕೇ ಬೇಕು. ಬಿಸಿಲಿರುವ ದಿನ ಹೊರಗಿನ ತೆರೆದ ನೆರಳಲ್ಲಿ ಸುಮಾರು 10,000 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಬೆಳಕಿರುತ್ತದೆ. ದೀಪ ಹಾಕಿದ ಕೋಣೆಯಲ್ಲಿ 300ರಿಂದ 500 ಲಕ್ಸ್ ಸಿಕ್ಕರೆ ಹೆಚ್ಚು. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ಈ ಅಂತರ ಗೊತ್ತಾಗುವುದಿಲ್ಲ, ಎಲೆಗೆ ಗೊತ್ತಾಗುತ್ತದೆ. ಬೀಜ ಮೊಳೆಯಲು ಬೆಳಕು ಬೇಡ, 21ರಿಂದ 24 ಡಿಗ್ರಿ ಬೆಚ್ಚಗಿದ್ದರೆ ಸಾಕು. ಮೊಳಕೆ ಕಂಡ ದಿನದಿಂದಲೇ ಲೆಕ್ಕ ಬದಲಾಗುತ್ತದೆ.

ದುಬಾರಿ ನೇರಳೆ ದೀಪವೇ ಆಗಬೇಕೆಂದಿಲ್ಲ, ಬಿಳಿ ಎಲ್‌ಇಡಿ ಟ್ಯೂಬ್ ಧಾರಾಳವಾಗಿ ಸಾಕು. ದೀಪ ಯಾವುದು ಎನ್ನುವುದಕ್ಕಿಂತ ಎಷ್ಟು ಹತ್ತಿರ ಇದೆ ಎನ್ನುವುದು ಮುಖ್ಯ. ಟ್ಯೂಬ್ ಎಲೆಗಳಿಂದ 5–10 ಸೆಂ.ಮೀ. ಮೇಲಿರಲಿ, ಸಸಿ ಬೆಳೆದಂತೆಲ್ಲ ಎತ್ತರಿಸುತ್ತ ಹೋಗಿ. ಎಲೆಗಳ ಮೇಲೆ ಅಂಗೈ ಹಿಡಿದಾಗ ಬಿಸಿ ತಾಗಿದರೆ ಇನ್ನಷ್ಟು ಮೇಲೆತ್ತಿ. ಹೆಚ್ಚು ವ್ಯಾಟ್‌ನ ಪ್ಯಾನೆಲ್ ಆದರೆ ಅಷ್ಟು ಹತ್ತಿರ ಬೇಡವೇ ಬೇಡ.

ಹೊತ್ತು? ದಿನಕ್ಕೆ 16 ಗಂಟೆ, ಟೈಮರ್ ಹಾಕಿಬಿಡಿ. ಮೊದಲ ಕೆಲವು ವಾರ 24 ಗಂಟೆಯೂ ಉರಿಸುವವರಿದ್ದಾರೆ, ಸಸಿ ತಡೆದುಕೊಳ್ಳುತ್ತದೆ. ಈ ದೀರ್ಘ ಹಗಲಿಗೆ ಇನ್ನೊಂದು ಕಾರಣವೂ ಇದೆ, ನನಗಂತೂ ಅದೇ ದೊಡ್ಡ ಲಾಭ. ಹಗಲು ಚಿಕ್ಕದಾಗಿ ಚಳಿ ಬಂತೆಂದರೆ ಹೋಸ್ಟಾ ಎಲೆ ಕಳೆದುಕೊಂಡು ಸುಪ್ತಾವಸ್ಥೆಗೆ ಹೋಗುತ್ತದೆ. ಬೆಚ್ಚನೆಯ ಕೋಣೆಯಲ್ಲಿ ದೀಪದಡಿ ಇರುವ ಸಸಿಗೆ ಆ ಸೂಚನೆಯೇ ತಲುಪುವುದಿಲ್ಲ. ಶರತ್ಕಾಲದಲ್ಲಿ ಬಿತ್ತಿದ್ದು ಚಳಿಗಾಲವಿಡೀ ಎಲೆಯ ಮೇಲೆ ಎಲೆ ಬಿಡುತ್ತ ವಸಂತದ ಹೊತ್ತಿಗೆ ಗಟ್ಟಿ ಗಿಡವಾಗಿರುತ್ತದೆ.

ವಾಲಿದ ಸಸಿಗಳನ್ನು ಕಿತ್ತೆಸೆಯಬೇಡಿ. ಬುಡಕ್ಕೆ ಒಂದಿಷ್ಟು ಮಣ್ಣು ಆನಿಸಿ, ಸುಳಿ ಮಾತ್ರ ಮುಚ್ಚಬಾರದು. ಮುಂದೆ ಬರುವ ಎಲೆಗಳು ಗಿಡ್ಡವಾಗಿ, ಅಗಲವಾಗಿ ಬರುತ್ತವೆ. ನೀರನ್ನು ಟ್ರೇಯ ಅಡಿಯಿಂದ ಕೊಡಿ. ಮೇಲ್ಮಣ್ಣು ಸದಾ ಒದ್ದೆಯಿದ್ದರೆ ಶಿಲೀಂಧ್ರ ತಗುಲಿ ಕಾಂಡ ಮಣ್ಣಿನ ಮಟ್ಟದಲ್ಲೇ ಕೊಳೆಯುತ್ತದೆ.

ಒಂದೆರಡು ಸಸಿ ಪೂರ್ತಿ ಬೆಳ್ಳಗೆ ಹುಟ್ಟಿದರೆ ಅದು ಬೆಳಕಿನ ದೋಷವಲ್ಲ. ಪತ್ರಹರಿತ್ತು ಇಲ್ಲದ ಅವು ಎಷ್ಟು ಆರೈಕೆ ಮಾಡಿದರೂ ಉಳಿಯುವುದಿಲ್ಲ. ಹಾಗೆಯೇ ಬಣ್ಣ ನೋಡಿ ಆಯ್ಕೆ ಮಾಡಲು ಆತುರಪಡಬೇಡಿ. ಈಗ ಬರೀ ಹಸಿರಾಗಿ ಕಾಣುವ ಸಸಿ ಮುಂದೆ ಹಳದಿಗೋ ನೀಲಿಗೋ ತಿರುಗಬಹುದು.

ಹೊರಗೆ ಸಾಗಿಸುವಾಗ ವಾರ, ಹತ್ತು ದಿನ ತೆಗೆದುಕೊಳ್ಳಿ. ದೀಪದಡಿ ಬೆಳೆದ ಎಲೆ ಒಂದೇ ಮಧ್ಯಾಹ್ನದ ಬಿಸಿಲಿಗೆ ಸುಟ್ಟು ಕಾಗದದಂತಾಗುತ್ತದೆ, ಆದ್ದರಿಂದ ಮೊದಲ ದಿನ ದಟ್ಟ ನೆರಳಲ್ಲಿ ಒಂದೆರಡು ಗಂಟೆ ಇಟ್ಟು ಒಳಗೆ ತನ್ನಿ.